ಸಿದ್ದಿಗಳು: ಉತ್ತರ ಕನ್ನಡದ ಆಫ್ರಿಕಾಮೂಲದ ಜನ

ಪೂರ್ವ ಆಫ್ರಿಕಾದ ಕರಾವಳಿಯಿಂದಲೂ ಅದರ ಒಳನಾಡಿನಿಂದಲೂ ಬಹುಮಟ್ಟಿಗೆ ಗುಲಾಮರಾಗಿ ಪಶ್ಚಿಮ ಭಾರತಕ್ಕೆ ಬಂದು, ಕಾಲಾಂತರದಲ್ಲಿ ಇಲ್ಲಿಯ ಮಣ್ಣಿನವರೇ ಆಗಿ ನೆಲೆಸಿದ ಜನರ ವಂಶಜರನ್ನು ಕರ್ನಾಟಕದಲ್ಲಿ ಸಿದ್ದಿಗಳೆಂದು ಕರೆಯುವರು. ಕಾರವಾರವು ಮುಖ್ಯಪಟ್ಟಣವಾಗಿರುವ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಇವರ ವಸತಿ ಅಧಿಕ. ಅಂಕೋಲಾ, ಶಿರಸಿ, ಜೋಯಿಡಾ ತಾಲ್ಲೂಕುಗಳಲ್ಲಿಯೂ, ನೆರೆಯ ಧಾರವಾಡ ಜಿಲ್ಲೆಯ ಕಲಘಟಗಿ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕುಗಳಲ್ಲಿಯೂ ಇವರ ಕೇರಿಗಳುಂಟು. ರಾಜ್ಯದಲ್ಲಿ ಇವರ ಸಂಖ್ಯೆ ಹಲವು ಸಾವಿರಗಳನ್ನು ಮೀರುವಷ್ಟು ದೊಡ್ಡದಲ್ಲ. ಸಿದ್ದಿ ಎಂಬ ಹೆಸರು ಅರಬ್ಬೀ ಭಾಷೆಯ ಸೈಯದ್, ಸೀದಿ ಎಂಬ ಗೌರವಪದಗಳಿಂದ ಬಂದುದೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ಅಭಿಪ್ರಾಯ. ಸಂಸ್ಕೃತದ ಸಿದ್ಧಿಗೂ ಇದಕ್ಕೂ ಸಂಬಂಧ ಕಾಣದು. ಒಡೆಯನೆಂಬ ಅರ್ಥದ ಮಾತು, ತಲೆತಲಾಂತರಗಳಿಂದ ಒಡೆತನದ ಸುಖವನ್ನೇ ಕಾಣದ ಜನಕ್ಕೆ ಹೆಸರಾಗಿ ನಿಂತಿರುವುದನ್ನು ನೆನೆದಾಗ ಮನಸ್ಸು ಭಾರವಾಗುವುದು.

ಕರಾವಳಿಯ ವಾಚಕರಿಗೆ ಸಿದ್ದಿಗಳು ಘಟ್ಟದ ಮೇಲಿನವರೆಂಬ ಭಾವನೆಯೇ ಬಲವಾಗಿರುವುದು. ಆದರೆ ಅಂಕೋಲಾ ತಾಲ್ಲೂಕು ಕಡಲಂಚಿನಲ್ಲಿ ಆರಂಭವಾಗಿ ಸಹ್ಯಾದ್ರಿಯ ಬುಡದವರೆಗೂ ಒಳಕ್ಕೆ ಚಾಚಿಕೊಂಡಿದೆ. ಪೇಟೆಯಿಂದ ಹುಬ್ಬಳ್ಳಿಯ ಹೆದ್ದಾರಿಯನ್ನು ಹಿಡಿದು ಗಂಗಾವಳಿಯ ಕಣಿವೆಯಲ್ಲಿ ಮುಂದುವರಿದರೆ, ಗದ್ದೆಬಯಲುಗಳೂ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳೂ ಹಿಂದಕ್ಕೆ ಸರಿದು, ಸುಂಕಸಾಳ, ರಾಮನಗುಳಿಗಳನ್ನು ದಾಟುವ ವೇಳೆಗೆ ಕಾಡು ರಸ್ತೆಯ ಎರಡು ಮಗ್ಗುಲನ್ನೂ ಒತ್ತಿಕೊಂಡು ಬರುವುದು. ಅರಬೈಲು ಘಟ್ಟವನ್ನೇರಿ ಇಡಗುಂದಿಯನ್ನು ಹಾಯ್ದರೆ ಯಲ್ಲಾಪುರ. ಈ ದಾರಿಯ ಆಚೀಚೆಗೆ, ಅಡಕೆ ತೋಟಗಳು ತುಂಬಿದ ಕಣಿವೆಗಳ ಮೇಲಂಚಿನಲ್ಲಿ, ಬೇಣಕ್ಕೂ ಕಾಡಿಗೂ ನಡುವಣ ಇಳಿಜಾರಿನಲ್ಲಿ ಸಿದ್ದಿಗಳ ಮನೆಗಳಿವೆ. ತೋಟ ತಗ್ಗಿನಲ್ಲಿ, ಮನೆ ದಿಬ್ಬದಲ್ಲಿ. ತೋಟ ಅನ್ಯರದು, ದಿಬ್ಬ ಸರಕಾರದ್ದು. ಇವರ ಇತಿಹಾಸದ ಬಹುಭಾಗವನ್ನು ಈ ನೆಲದ ಏರುತಗ್ಗೇ ಹೇಳುವುದು.

ಸಿದ್ದಿಗಳನ್ನು ವಲಸೆಗಾರರೆಂದು ವರ್ಣಿಸುವ ರೂಢಿ ಲೇಖಕರಲ್ಲಿಯೂ ಅಧಿಕಾರಿಗಳಲ್ಲಿಯೂ ಇದೆ. ಈ ಮಾತನ್ನು ವಿಚಾರಿಸಿಯೇ ಒಪ್ಪಬೇಕು. ವಲಸೆಯೆಂಬುದು ತನ್ನ ಕಾಲಿನಿಂದ ತಾನು ನಡೆದು ಬರುವುದು, ತನ್ನ ಗಂಟನ್ನು ತಾನು ಕಟ್ಟಿಕೊಂಡು ಹೊರಡುವುದು. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಗೆದ್ದ ತರುವಾಯ, ಮೊಜಾಂಬಿಕದ ಕರಾವಳಿಯೂ ಗೋವೆಯೂ ಒಂದೇ ಸಿಂಹಾಸನಕ್ಕೆ ಅಧೀನವಾಗಿ, ಮಾನ್ಸೂನ್ ಮಾರುತವನ್ನು ಅನುಸರಿಸಿ ಬರುವ ಹಡಗುಗಳಲ್ಲಿ ಆನೆಯ ದಂತ, ಚಿನ್ನಗಳೊಡನೆ ಮನುಷ್ಯರೂ ಸರಕಾಗಿ ಬಂದಿಳಿದರು. 1583ರಿಂದ 1588ರವರೆಗೆ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟನನೂ, ಹದಿನೇಳನೆಯ ಶತಮಾನದ ಆದಿಯಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಪ್ರವಾಸಿ ಪಿರಾರನೂ ಆ ನಗರದ ಗುಲಾಮರ ಮಾರಾಟವನ್ನು ಕಂಡು ಬರೆದಿರುವರು. ಪೋರ್ತುಗೀಜ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಆಜ್ಞೆ ಹೊರಟುದು 1869ರಲ್ಲಿ. ಎಂದರೆ ಮೂರೂವರೆ ಶತಮಾನಗಳ ಕಾಲ ಈ ವ್ಯವಹಾರವು ಒಂದಲ್ಲ ಒಂದು ರೂಪದಲ್ಲಿ ಬಾಳಿತು. ಹೀಗೆ ಹಡಗಿನ ಒಡಲಿನಲ್ಲಿ ಬಂದವರ ಬರವನ್ನು ವಲಸೆಯೆನ್ನಲಾಗದು.

ಇವರು ತಾವಾಗಿ ಕೈಗೊಂಡ ವಲಸೆ ಬೇರೊಂದು. ಗೋವೆಯ ಮನೆಗಳಿಂದಲೂ ಹೊಲತೋಟಗಳಿಂದಲೂ ತಪ್ಪಿಸಿಕೊಂಡು, ಕೆಲವರು ಬಿಡುಗಡೆಯನ್ನು ಪಡೆದು, ಪಶ್ಚಿಮಘಟ್ಟವನ್ನು ಹತ್ತಿ, ಕಾಳಿ ಮತ್ತು ಗಂಗಾವಳಿಗಳ ಮೇಲುಗಣಿವೆಯ ಅರಣ್ಯದಲ್ಲಿ ಅವಿತುಕೊಂಡರು. ಗೋವೆಗೂ ಕಾರವಾರಕ್ಕೂ ನಡುವೆ ಇಂದು ಮಾಜಾಳಿಯ ತನಿಖಾ ಠಾಣೆಯಿಂದ ಆಚೆಗೆ ಒಂದು ಹೆಜ್ಜೆಯಷ್ಟೇ ಅಂತರ. ಅಂದು ಅದು ಎರಡು ರಾಜ್ಯಗಳ ಮೇರೆ. ಆ ಮೇರೆಯಾಚೆಗೆ ಪೋರ್ತುಗೀಜರ ಕೈ ನೀಳಲಾರದ ಸೋದೆಯ ಅರಸರ ಸೀಮೆ, ಮೇಲೆ ಬಿಜಾಪುರದ ಸುಲ್ತಾನರ ನೆರಳು, ಎಲ್ಲಕ್ಕೂ ಮಿಗಿಲಾಗಿ ದಾರಿಯಿಲ್ಲದ ಕಾಡು. ಹೆಸರು ತಿಳಿಯದ ದೇಶದಲ್ಲಿ, ಭಾಷೆ ತಿಳಿಯದ ಜನರ ನಡುವೆ, ಹಿಂದೆ ಬೆನ್ನಟ್ಟುವವರ ಭಯವನ್ನೂ ಮುಂದೆ ಹುಲಿಯ ಭಯವನ್ನೂ ಏಕಕಾಲದಲ್ಲಿ ಹೊತ್ತು ಆ ಘಟ್ಟವನ್ನು ಹತ್ತಿದ ಮನುಷ್ಯರ ಧೈರ್ಯಕ್ಕೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಒಂದು ಪುಟವಾದರೂ ಮೀಸಲಾಗಬೇಕಾಗಿತ್ತು.

ಕನ್ನಡ ನಾಡಿನಲ್ಲಿ ಆಫ್ರಿಕಾದವರ ಮತ್ತೊಂದು ಪರಂಪರೆಯೂ ಇದ್ದಿತು. ಬಹಮನಿ ರಾಜ್ಯದಲ್ಲಿಯೂ ಅದರ ಒಡಕಿನಿಂದ ಹುಟ್ಟಿದ ಸುಲ್ತಾನರ ಆಸ್ಥಾನಗಳಲ್ಲಿಯೂ ಹಬಶಿಗಳೆನಿಸಿದ, ಎಂದರೆ ಅಬಿಸೀನಿಯಾದ ಮೂಲದ, ಸೈನಿಕಗುಲಾಮರು ಮಂತ್ರಿಪದವಿಯವರೆಗೂ ಏರಿದರು. ಬಿಜಾಪುರದಲ್ಲಿ ದಿಲಾವರ್ ಖಾನನು 1580ರ ದಶಕದಲ್ಲಿ ಬಾಲ ಸುಲ್ತಾನನ ಪರವಾಗಿ ರಾಜ್ಯವಾಳಿದನು. ಆದಿಲಶಾಹಿಯ ಕೊನೆಗಾಲದಲ್ಲಿ ಸಿದ್ದಿ ಮಸೂದನು ಅದೇ ಅಧಿಕಾರವನ್ನು ವಹಿಸಿದನು. ಅಹಮದನಗರದ ಮಲಿಕ್ ಅಂಬರನ ಕೀರ್ತಿಯಂತೂ ಪ್ರಸಿದ್ಧವಾದುದು. ಆದರೆ ಆಸ್ಥಾನದ ಹಬಶಿಗಳ ಈ ವೈಭವವನ್ನು ಯಲ್ಲಾಪುರದ ಕಾಡಿನ ಸಿದ್ದಿಗಳ ಹೆಗಲಿಗೆ ಹೊದಿಸಿ ಸಂತೋಷಪಡುವುದು ಸುಲಭವಾದರೂ ನ್ಯಾಯವಲ್ಲ. ಇವರ ಪೂರ್ವಿಕರು ಬಹುಮಟ್ಟಿಗೆ ಆಫ್ರಿಕಾದ ಬಾಂಟು ಭಾಷೆಗಳನ್ನಾಡುವ ಜನ. 2011ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಪ್ರಕಟಿಸಿದ ವಂಶವಾಹಿ ಸಂಶೋಧನೆ ಇದನ್ನು ದೃಢಪಡಿಸಿ, ಸ್ಥಳೀಯರೊಡನೆ ಇವರ ರಕ್ತಸಂಬಂಧವು ಕಳೆದ ಸುಮಾರು 200 ವರ್ಷಗಳಲ್ಲಿ, ಎಂಟು ತಲೆಮಾರುಗಳಲ್ಲಿ, ಉಂಟಾದುದೆಂದು ತೋರಿಸಿತು. ಇವರಿಗೆ ಬೇಕಾದುದು ಎರವಲು ತಂದ ಸಿಂಹಾಸನವಲ್ಲ.

ಆಫ್ರಿಕಾದ ಯಾವ ಭಾಷೆಯೂ ಇಂದು ಇವರ ನಾಲಗೆಯಲ್ಲಿ ಉಳಿದಿಲ್ಲ. ಬೇರೆ ಬೇರೆ ಕುಲಗಳಿಂದ ಕಿತ್ತು ತಂದು ಒಂದೆಡೆ ಕೂಡಿಸಿದವರಿಗೆ ತಮ್ಮತಮ್ಮೊಳಗೆ ಆಡಿಕೊಳ್ಳಲು ಒಂದು ಮಾತು ಇರುವುದೂ ಸಾಧ್ಯವಿರಲಿಲ್ಲ. ಗೋವೆಯ ಕೊಂಕಣಿಯನ್ನೇ ತಮ್ಮದನ್ನಾಗಿ ಮಾಡಿಕೊಂಡು, ಮರಾಠಿಯನ್ನೂ ಕನ್ನಡವನ್ನೂ ಬೆರೆಸಿ ಮನೆಯಲ್ಲಿ ಆಡುವರು. ಮುಸಲ್ಮಾನ ಸಿದ್ದಿಗಳಲ್ಲಿ ಉರ್ದು ಬಳಕೆಯಲ್ಲಿದೆ. ಪೇಟೆ, ಶಾಲೆ, ಕಚೇರಿಗಳಲ್ಲಿ ಎಲ್ಲರದೂ ಕನ್ನಡವೇ. ಧರ್ಮದಲ್ಲಿ ಹಿಂದೂ, ಕ್ರೈಸ್ತ, ಮುಸಲ್ಮಾನ ಎಂಬ ಮೂರು ಪಂಗಡಗಳಿವೆ. ಕ್ರೈಸ್ತರಲ್ಲಿ ಜುಜೆ, ಮಿಂಗೇಲ, ಬಸ್ತ್ಯಾಂವ ಮೊದಲಾದ ಹೆಸರುಗಳು ಕೇಳಿಬರುವುವು. ಪೋರ್ತುಗೀಜರ ಜೋಸೆ, ಮಿಗೆಲ್, ಸೆಬಾಸ್ತಿಯಾವ್‌ಗಳು ಕೊಂಕಣಿಯ ಬಾಯಲ್ಲಿ ತಿರುಗಿ, ಕಾಡಿನ ಗಾಳಿಯಲ್ಲಿ ಸವೆದು ಪಡೆದ ರೂಪಗಳಿವು. ಹಿಂದೂ ಸಿದ್ದಿಗಳ ಹೆಸರುಗಳಲ್ಲಿ ನೆರೆಯ ಒಕ್ಕಲುಗಳ ಹೆಸರುಗಳೇ ಇರುವುವು. ಆದರೆ ಮೂವರ ಹೆಸರಿನ ಕೊನೆಯಲ್ಲಿಯೂ ಸಿದ್ದಿ ಎಂಬುದೊಂದು ಕೂಡಿಯೇ ಇರುತ್ತದೆ. ಮನೆಯ ಹಿರಿಯರನ್ನು, ಎಂದರೆ ಗತಿಸಿದವರನ್ನು, ವರ್ಷಕ್ಕೊಮ್ಮೆ ಕರೆದು ಪೂಜಿಸುವ ಪದ್ಧತಿಯೂ, ಸಿದ್ದಿನಾಸ ಎಂಬ ದೈವದ ಸನ್ನಿಧಿಯಲ್ಲಿ ಮೂರು ಧರ್ಮದವರೂ ಒಟ್ಟುಗೂಡುವ ವಾಡಿಕೆಯೂ ಈ ಒಂದೇತನದ ಆಧಾರಸ್ತಂಭಗಳು. ಮಸೀದಿಗೆ ಹೋಗುವವನೂ ಇಗರ್ಜಿಗೆ ಹೋಗುವವನೂ ಅಲ್ಲಿ ಒಬ್ಬನ ಹೆಗಲ ಮೇಲೊಬ್ಬನು ಕೈಯಿಟ್ಟು ನಿಲ್ಲುವನು. ಡಮಾಮಿಯೆಂಬ ಕುಣಿತವೂ ಹಾಗೆಯೇ. ಎರಡು ಮುಖದ ಡಮಾಮದ ಮೇಲೆ ಕೈಬಿದ್ದೊಡನೆ ಹಾಡು ಏಳುವುದು, ಹಾಡಿನ ಹಿಂದೆ ಹೆಜ್ಜೆ.

ದುಡಿಮೆಯ ವಿಚಾರವನ್ನು ಇನ್ನಷ್ಟು ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಸಿದ್ದಿಗಳ ಬಣ್ಣಕ್ಕಿಂತಲೂ ಅವರ ದುಡಿಮೆಯೇ ಅವರ ಸ್ಥಾನವನ್ನು ಈ ನಾಡಿನಲ್ಲಿ ನಿರ್ಧರಿಸಿತು. ತೋಟಗಳ ಒಡೆಯರು ಬಹುತೇಕ ಹವ್ಯಕರು. ತೋಟದ ಅಗತೆ, ಮಣ್ಣು ಹಾಕುವುದು, ಸೊಪ್ಪಿನ ಬೆಟ್ಟದಿಂದ ಸೊಪ್ಪು ಕಡಿದು ಹೊರೆ ಹೊರುವುದು, ಕೊನೆಗೊಯ್ಲಿನ ದಿನಗಳಲ್ಲಿ ಅಡಕೆ ಹೊರುವುದು, ಇವೆಲ್ಲವೂ ಆಳಿನ ಕೆಲಸಗಳು. ಮುಂಗಡ ಪಡೆದ ಸಾಲಕ್ಕೆ ಅಪ್ಪನು ಆರಂಭಿಸಿದ ದುಡಿಮೆಯನ್ನು ಮಗನು ಮುಂದುವರಿಸಿದ ಜೀತದ ನೆನಪು ಹಿರಿಯರಲ್ಲಿ ಇನ್ನೂ ಮಾಸಿಲ್ಲ. ಗುಲಾಮಗಿರಿಯಿಂದ ಓಡಿ ಬಂದವರ ಮೊಮ್ಮಕ್ಕಳು ಹೊಸ ಸಾಲದ ಸಂಕೋಲೆಗೆ ಕೈಕೊಟ್ಟರೆಂಬ ಮಾತನ್ನು ಬರೆಯುವಾಗ ಲೇಖನಿ ತಡೆಯುತ್ತದೆಯಾದರೂ, ಬರೆಯದಿದ್ದರೆ ಅಸತ್ಯವಾಗುವುದು. ತೋಟದ ಕೆಲಸವಿಲ್ಲದ ದಿನಗಳಲ್ಲಿ ಕಾಡೇ ಇವರ ಕಣಜ: ಜೇನು, ಸೀಗೆಕಾಯಿ, ಮುರುಗಲು, ಉಪ್ಪಾಗೆ, ಬಿದಿರು, ಗಡ್ಡೆಗೆಣಸು. ಹೆಜ್ಜೇನಿನ ಮರವನ್ನು ರಾತ್ರಿ ಹತ್ತುವ ಧೈರ್ಯಕ್ಕೂ ಕೌಶಲಕ್ಕೂ ಇವರು ಹೆಸರಾದವರು. 1883ರಲ್ಲಿ ಪ್ರಕಟವಾದ, ಬೊಂಬಾಯಿ ಸರಕಾರದ ಗೆಜೆಟಿಯರಿನ ಕಾನಡಾ ಸಂಪುಟವು ಜಿಲ್ಲೆಯ ಜನವರ್ಗಗಳ ನಡುವೆ ಇವರನ್ನೂ ಉಲ್ಲೇಖಿಸಿತು. ಆದರೆ ಪೂರ್ಣವಾದ ಅಧ್ಯಯನಕ್ಕೆ ಇವರು ಸುಮಾರು ಒಂದು ಶತಮಾನ ಕಾಯಬೇಕಾಯಿತು. ಟಿ. ಸಿ. ಪಾಲಾಕ್ಷಪ್ಪನವರ ಗ್ರಂಥವು 1976ರಲ್ಲಿಯೂ, ಸಿಪ್ರಿಯನ್ ಲೋಬೋ ಅವರದು 1984ರಲ್ಲಿಯೂ ಹೊರಬಂದುವು, ಎರಡೂ ಇಂಗ್ಲಿಷಿನಲ್ಲಿ.

ಈ ಸ್ಥಿತಿಯನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳೊಡನೆ ಹೋಲಿಸಿದರೆ ಹಲವು ವಿಷಯಗಳು ತಿಳಿಯಾಗುವುವು. 1619ರಲ್ಲಿ ವರ್ಜೀನಿಯಾದ ತೀರಕ್ಕೆ ಬಂದಿಳಿದ ಮೊದಲ ಆಫ್ರಿಕನ್ನರು ಅಂಗೋಲಾದಿಂದ ಹೊರಟ ಒಂದು ಪೋರ್ತುಗೀಜ್ ಗುಲಾಮಹಡಗಿನಿಂದ ಕಡಲಿನಲ್ಲಿ ಕಸಿದು ತಂದವರು. ಆಫ್ರಿಕಾದ ಪಶ್ಚಿಮ ತೀರದಿಂದ ಅಟ್ಲಾಂಟಿಕದ ಕಡೆಗೆ, ಪೂರ್ವ ತೀರದಿಂದ ಅರಬ್ಬೀ ಸಮುದ್ರದ ಕಡೆಗೆ, ಅದೇ ಜನಾಂಗದ ಹಡಗುಗಳು ಅದೇ ಸರಕನ್ನು ಹೊತ್ತುವು. ಅಲ್ಲಿ ಕಾನೂನು ಬಣ್ಣವನ್ನೇ ಜಾತಿಯನ್ನಾಗಿ ಮಾಡಿತು. 1790ರ ಶಾಸನವು ಪರದೇಶದಿಂದ ಬಂದವರಲ್ಲಿ ಬಿಳಿಯ ಸ್ವತಂತ್ರ ಜನರಿಗೆ ಮಾತ್ರ ಪೌರತ್ವದ ಬಾಗಿಲನ್ನು ತೆರೆಯಿತು. ಆಫ್ರಿಕಾಮೂಲದವರಿಗೆ ಆ ಬಾಗಿಲು ತೆರೆದುದು 1870ರಲ್ಲಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವನ ಮೊಕದ್ದಮೆಯಲ್ಲಿ ಭಾರತೀಯನೂ ಬಿಳಿಯನಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಇಲ್ಲಿ ಸಿದ್ದಿಯ ಬಣ್ಣವನ್ನು ಕುರಿತು ಹಗುರವಾಗಿ ಆಡುವ ಭಾರತೀಯನು ಈ ತೀರ್ಪನ್ನು ಒಮ್ಮೆ ಓದುವುದು ಒಳ್ಳೆಯದು. ಒಂದು ತೊಟ್ಟು ಆಫ್ರಿಕಾದ ರಕ್ತವಿದ್ದರೂ ಕರಿಯನೇ ಎಂಬ ನಿಯಮವು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಹುಕಾಲ ನಡೆಯಿತು.

1965ರಲ್ಲಿ ವಲಸೆಯ ಕಾನೂನು ಸಡಿಲವಾದ ಬಳಿಕ ಜಮೈಕಾ, ಹೈತಿ, ನೈಜೀರಿಯಾ, ಇಥಿಯೋಪಿಯಾಗಳಿಂದ ತಾವಾಗಿ ಬಂದವರ ಸಂಖ್ಯೆ ಬೆಳೆದು, ಇಂದು ಅಮೆರಿಕದ ಕಪ್ಪು ಜನರಲ್ಲಿ ಹತ್ತರಲ್ಲಿ ಒಬ್ಬರು ಪರದೇಶದಲ್ಲಿ ಹುಟ್ಟಿದವರು. ಲಾಗೋಸಿನಲ್ಲಿ ಯೊರುಬಾ ಅಥವಾ ಇಗ್ಬೊ ಆಗಿದ್ದವನು ನ್ಯೂಯಾರ್ಕಿನಲ್ಲಿ ವಿಮಾನವಿಳಿದ ದಿನದಿಂದ ಕರಿಯನಾಗುವನು. ಆತನ ಮಗನು, ಗುಲಾಮರ ವಂಶಜರೊಡನೆ ಒಂದೇ ಶಾಲೆಯಲ್ಲಿ ಓದಿ, ಒಂದೇ ಪೋಲೀಸಿನ ದೃಷ್ಟಿಗೆ ಗುರಿಯಾಗಿ, ಅವರ ಚರಿತ್ರೆಯನ್ನು ತನ್ನದೆಂದು ಸ್ವೀಕರಿಸುವನೋ ಅಥವಾ ತನ್ನ ತಂದೆಯ ಊರಿನ ಹೆಸರನ್ನು ಹಿಡಿದು ಬೇರೆ ನಿಲ್ಲುವನೋ ಎಂಬುದೇ ಅಲ್ಲಿಯ ಚರ್ಚೆ. ಬರಾಕ್ ಒಬಾಮರ ತಂದೆ ಕೀನ್ಯಾದಿಂದ ಓದಲು ಬಂದವರು. ಕಮಲಾ ಹ್ಯಾರಿಸರ ತಂದೆ ಜಮೈಕಾದವರು, ತಾಯಿ ತಮಿಳುನಾಡಿನ ಮನೆತನದವರು. ಇಬ್ಬರೂ ಈ ಪ್ರಶ್ನೆಯನ್ನು ಎದುರಿಸಿದರು. ಆ ದೇಶದ ಕಪ್ಪು ಜನರು ಸ್ವೇಚ್ಛೆಯಿಂದ ಮಾಡಿದ ಮಹಾಸಂಚಾರವೂ ಒಂದುಂಟು. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಜನ ದಕ್ಷಿಣದ ಹತ್ತಿಯ ಹೊಲಗಳನ್ನು ತೊರೆದು ಉತ್ತರದ, ಪಶ್ಚಿಮದ ನಗರಗಳಿಗೆ ಹೋದರು. ಗೋವೆಯಿಂದ ಘಟ್ಟದ ಕಾಡಿಗೆ ಹತ್ತಿದ ಸಿದ್ದಿಯೂ, ಮಿಸಿಸಿಪ್ಪಿಯಿಂದ ಶಿಕಾಗೋವಿನ ರೈಲು ಹತ್ತಿದ ಕೂಲಿಯೂ ನನ್ನ ಕಣ್ಣಿಗೆ ಒಂದೇ ಪಯಣದ ಸಂಗಾತಿಗಳಾಗಿ ಕಾಣುವರು.

ಉತ್ತರ ಕನ್ನಡದಲ್ಲಿ ಸಂಗತಿ ಬೇರೆಯಾಗಿ ತಿರುಗಿತು. ಇಲ್ಲಿ ಬಣ್ಣದ ಶಾಸನವಿರಲಿಲ್ಲ, ಜಾತಿಯ ಶ್ರೇಣಿಯಿತ್ತು. ಆ ಶ್ರೇಣಿಯು ಹೊಸದಾಗಿ ಬಂದ ಜನಕ್ಕೂ ಒಂದು ಮೆಟ್ಟಿಲನ್ನು ಕೊಟ್ಟು, ತಗ್ಗಿನಲ್ಲಿ ಕೂರಿಸಿ, ಸುಮ್ಮನಾಯಿತು. ಸಿದ್ದಿಯು ಕರಿಯನೆಂಬ ಮಹಾವರ್ಗವೊಂದರ ಸದಸ್ಯನಾಗದೆ, ಹಾಲಕ್ಕಿ, ಕರೆಒಕ್ಕಲಿಗ, ಗೌಳಿ, ಕುಣಬಿಗಳ ಸಾಲಿನಲ್ಲಿ ಮತ್ತೊಂದು ಜಾತಿಯವನಾದನು. ಇದರಿಂದ ಆದ ಲಾಭವೆಂದರೆ, ಅವನ ಸುತ್ತಲಿನವರು ಅವನನ್ನು ಪರದೇಶಿಯೆಂದು ಭಾವಿಸಲಿಲ್ಲ. ಇಡಗುಂದಿಯ ಸಂತೆಯಲ್ಲಿ ಅವನು ಯಾರೆಂದು ಯಾರೂ ಕೇಳರು. ಹಾನಿಯೆಂದರೆ, ಮೆಟ್ಟಿಲು ಮೆಟ್ಟಿಲಾಗಿಯೇ ಉಳಿಯಿತು. ಅದೇ ಸಿದ್ದಿ ತರುಣನು ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೋದೊಡನೆ ಬಸ್ಸಿನಲ್ಲಿ ಪಕ್ಕದವರು ಇಂಗ್ಲಿಷಿನಲ್ಲಿ ಯಾವ ದೇಶವೆಂದು ಕೇಳುವರು. ‘ನಮ್ದು ಯಲ್ಲಾಪುರ, ಮಾರಾಯ್ರೆ’ ಎಂದು ಅಚ್ಚ ಉತ್ತರ ಕನ್ನಡದ ಮಾತಿನಲ್ಲಿ ಉತ್ತರ ಬಂದಾಗ ಬೆರಗಾಗುವರು. ಆ ಬೆರಗು ನಗೆಯಾಗಿ ಮುಗಿದರೂ, ಉತ್ತರ ಹೇಳುವವನಿಗೆ ಅದು ಸಾವಿರದ ಒಂದನೆಯ ಸಲ. ನಾಲ್ಕುನೂರು ವರ್ಷ ಇದೇ ನೆಲದ ನೀರು ಕುಡಿದವನು ತನ್ನ ಊರಿನ ಹೆಸರಿಗೆ ಸಾಕ್ಷಿ ಒದಗಿಸುತ್ತಲೇ ಇರಬೇಕಾಗಿರುವುದು ಕನ್ನಡಿಗರು ತಮ್ಮ ಜಿಲ್ಲೆಗಳನ್ನೇ ಅರಿಯದಿರುವುದರ ಫಲ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಕ್ರೀಡಾ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆಯ್ದು ತರಬೇತಿಗೆ ಕರೆದೊಯ್ದಿತು. ಓಟದಲ್ಲಿ, ತಡೆಯೋಟದಲ್ಲಿ ಕೆಲವರು ರಾಷ್ಟ್ರಮಟ್ಟವನ್ನು ಮುಟ್ಟಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು, ಮಕ್ಕಳು ಊರಿಗೆ ಮರಳಿದರು. ಆಫ್ರಿಕಾದ ರಕ್ತವೆಂದರೆ ಓಟದ ಕಾಲು ಎಂಬ ಎಣಿಕೆಯೇ ಆ ಯೋಜನೆಯ ತಳಹದಿಯಾಗಿತ್ತು. ಅದು ಹೊಗಳಿಕೆಯಂತೆ ಕಂಡರೂ ಮನುಷ್ಯನನ್ನು ಮೈಯಾಗಿ ಮಾತ್ರ ಕಾಣುವ ದೃಷ್ಟಿ. ಅದೇ ದಶಕದಲ್ಲಿ ಮಂಚೀಕೇರಿಯಲ್ಲಿ ನಡೆದ ರಂಗಪ್ರಯೋಗವು ಬೇರೆ ಬಗೆಯದು. ಹೆಗ್ಗೋಡಿನ ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ನೈಜೀರಿಯಾದ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಸಿದ್ದಿಗಳಿಂದಲೇ ಆಡಿಸಿದರು. ಬಿಳಿಯರು ಬಂದು ಒಡೆದುಹಾಕಿದ ಆಫ್ರಿಕಾದ ಹಳ್ಳಿಯೊಂದರ ಕಥೆಯನ್ನು, ಆ ಖಂಡದ ನೆನಪೇ ಇಲ್ಲದ ಅದರ ಮಕ್ಕಳು, ತೋಟದ ಕೆಲಸ ಮುಗಿಸಿ ಬಂದ ಮೈಯಲ್ಲಿ, ಕನ್ನಡದಲ್ಲಿ ನುಡಿದರು. ಆ ಬಳಿಕ ಸಿದ್ದಿ ಯುವಕಯುವತಿಯರು ಹೆಗ್ಗೋಡಿಗೆ ಹೋಗಿ ನಾಟಕವನ್ನು ಶಾಸ್ತ್ರವಾಗಿ ಕಲಿತು ರಂಗಭೂಮಿಗೂ ಚಲನಚಿತ್ರಕ್ಕೂ ಬಂದಿರುವರು. ಗಾಯಕಿಯಾಗಿಯೂ ಅಭಿನೇತ್ರಿಯಾಗಿಯೂ ಗಿರಿಜಾ ಸಿದ್ದಿ, ನಟನಾಗಿ ಪ್ರಶಾಂತ್ ಸಿದ್ದಿ ಇವರ ಹೆಸರುಗಳು ಕನ್ನಡಿಗರಿಗೆ ಪರಿಚಿತವಾದುವು.

ರಾಜ್ಯಾಂಗದ ದೃಷ್ಟಿಯಲ್ಲಿ ಇವರ ಸ್ಥಾನವು ಬಹುಕಾಲ ಅನಿಶ್ಚಿತವಾಗಿತ್ತು. ಗುಜರಾತಿನ ಸೌರಾಷ್ಟ್ರದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಮೊದಲೇ ಸೇರಿದ್ದರೂ, ಉತ್ತರ ಕನ್ನಡದವರು ಸೇರಿದುದು 2003ರಲ್ಲಿ. ಇದರ ಮಹತ್ವವು ಅರಣ್ಯಹಕ್ಕಿನ 2006ರ ಕಾಯಿದೆ ಬಂದಾಗ ಪ್ರಕಟವಾಯಿತು. ಕಾಡಿನ ನೆಲವನ್ನು ಉಳುತ್ತಿರುವ ಇತರರು ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ವಾಸಿಸಿದುದಕ್ಕೆ ಆಧಾರವನ್ನು ಒಪ್ಪಿಸಬೇಕು. ಪರಿಶಿಷ್ಟ ಪಂಗಡದವರಿಗಾದರೆ 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನವೇ ಸಾಕು. ಅವಿತುಕೊಂಡು ಬದುಕಲೆಂದೇ ಕಾಡಿಗೆ ಬಂದವರಲ್ಲಿ ಕಾಗದಪತ್ರವೆಲ್ಲಿಂದ ಬರಬೇಕು? ಜಿಲ್ಲೆಯ ಭೂಮಿಯಲ್ಲಿ ಬಹುಪಾಲು ಅರಣ್ಯವೇ ಆಗಿರುವುದರಿಂದ ಇಲ್ಲಿ ಬಡವನ ಗದ್ದೆಗೆ ಅತಿಕ್ರಮಣವೆಂಬುದೇ ಹೆಸರು, ಅದನ್ನು ಉಳುವವನೂ ಆ ಹೆಸರಿನಿಂದಲೇ ಅದನ್ನು ಕರೆಯುವನು. ಪಟ್ಟಾ ಕೋರಿದ ಅರ್ಜಿಯು ಗ್ರಾಮದ ಸಮಿತಿಯಿಂದ ಉಪವಿಭಾಗಕ್ಕೂ, ಅಲ್ಲಿಂದ ಘಟ್ಟವಿಳಿದು ಕಾರವಾರದ ಜಿಲ್ಲಾ ಸಮಿತಿಗೂ ಸಾಗಬೇಕು. ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚನ್ನು ಹೊಂದಿಸಿಕೊಂಡು, ಕಾಗದಪತ್ರಗಳ ಚೀಲದೊಡನೆ ಕಡಲಿನ ಊರಿಗೆ ಬಂದು ಕಚೇರಿಯ ಮೆಟ್ಟಿಲಲ್ಲಿ ಕಾಯುವವನಿಗೆ ಆ ದೂರವು ನಕ್ಷೆಯಲ್ಲಿರುವುದಕ್ಕಿಂತ ಬಹಳ ಹೆಚ್ಚು. 2003ರ ಪಟ್ಟಿಯಲ್ಲಿ ಇನ್ನೊಂದು ನ್ಯೂನತೆಯೂ ಉಳಿದಿತ್ತು: ಅದು ಉತ್ತರ ಕನ್ನಡಕ್ಕೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ಯಲ್ಲಾಪುರದ ತವರಿನಿಂದ ಕಲಘಟಗಿಗೆ ಮದುವೆಯಾಗಿ ಹೋದ ಹೆಣ್ಣಿನ ಮಕ್ಕಳು ಅಜ್ಜಿಯ ಮನೆಯ ಸೋದರರಿಗಿರುವ ಹಕ್ಕಿಗೆ ಹೊರಗಾಗಿದ್ದರು. 2020ರ ತಿದ್ದುಪಡಿಯಿಂದ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳೂ ಪಟ್ಟಿಗೆ ಸೇರಿದರು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಈ ಜನಾಂಗದಿಂದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲಿಗರಾದರು.

ಸಿದ್ದಿ ಹೆಂಗಸರ ಕವಂದಿಯ ಮಾತನ್ನು ಹೇಳದೆ ಈ ಲೇಖನವು ಪೂರ್ಣವಾಗದು. ಬಯಲುಸೀಮೆಯವರು ಕೌದಿಯೆನ್ನುವುದನ್ನೇ ಇವರು ಕವಂದಿಯೆನ್ನುವರು. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ, ಹರಿದ ಲಂಗ, ಅಂಗಿ, ಪಂಚೆಗಳ ತುಂಡುಗಳನ್ನು ಒಂದು ಮೂಲೆಯಿಂದ ಇಡುತ್ತ, ಅಂಚಿನ ಸುತ್ತಲೂ ಹೊಲಿಯುತ್ತ, ಸುತ್ತಿನೊಳಗೆ ಸುತ್ತಾಗಿ ನಡುವಿನ ಕಡೆಗೆ ಬರುವರು. ನಡುವನ್ನು ಮುಟ್ಟುವ ವೇಳೆಗೆ ಸಾವಿರಾರು ಚಿಕ್ಕ ಹೊಲಿಗೆಗಳು ಎಲ್ಲ ಪದರಗಳನ್ನೂ ಕಚ್ಚಿಹಿಡಿದಿರುವುವು. ಕ್ರೈಸ್ತರ ಕವಂದಿಯಲ್ಲಿ ಶಿಲುಬೆಯೂ, ಮುಸಲ್ಮಾನರದರಲ್ಲಿ ಅರ್ಧಚಂದ್ರವೂ ಕಾಣಿಸಿಕೊಳ್ಳುವುದುಂಟು. ಹೊಲಿಗೆಯ ರೀತಿ ಮಾತ್ರ ಮೂವರಲ್ಲಿಯೂ ಒಂದೇ. ಮಳೆಗಾಲದ ಚಳಿಯಲ್ಲಿ ಕೂಸನ್ನು ಸುತ್ತಿಡುವ ಈ ಹೊದಿಕೆಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಇಲ್ಲಿಯ ಹಳ್ಳಿಗಳಲ್ಲಿ ಅಭ್ಯಸಿಸಿದರು; 2011ರಲ್ಲಿ ಅವು ನ್ಯೂಯಾರ್ಕಿನ ಹಾರ್ಲೆಮಿನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ, ಕಪ್ಪು ಜನರ ಸಂಸ್ಕೃತಿಯ ಸಂಶೋಧನೆಗಾಗಿಯೇ ನೆಲೆಗೊಂಡ ಆ ಗ್ರಂಥಾಲಯದಲ್ಲಿ, ಪ್ರದರ್ಶನಕ್ಕೆ ಬಂದುವು. ತಮ್ಮ ಅಜ್ಜಿಯರೂ ಹರಿದ ಬಟ್ಟೆಯಿಂದ ಹೊದಿಕೆ ಹೊಲಿದಿದ್ದ ಜನರ ಗೋಡೆಗಳ ಮೇಲೆ ಯಲ್ಲಾಪುರ, ಹಳಿಯಾಳಗಳ ಸೀರೆಯ ಚೂರುಗಳು ತೂಗಾಡಿದುವು. ಹೊಲಿಗೆ ಮುಗಿದ ಬಳಿಕ ಕವಂದಿಯ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಮಾಡಿದ ದಪ್ಪ ಹೂವೊಂದೊಂದನ್ನು ಹೊಲಿಯುವರು. ಅದನ್ನು ಫೂಲವೆಂದು ಕರೆಯುವರು. ಅದಿಲ್ಲದ ಕವಂದಿ ಬತ್ತಲೆಯೆಂಬುದು ಹೊಲಿಯುವ ಹೆಂಗಸರ ಮಾತು.